ಅಸ್ಗರಿಯ ಸವತಿ

ಆ ಗುರುವಾರ ಸಂಜೆ ಅಸ್ಗರಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಗಂಡನ ಕಂಪ್ಯೂಟರಿನ ಗುಂಡಿ ಒತ್ತಿದಳು. ಅದು ಹೊತ್ತಲಿಲ್ಲ. ಇನ್ನೊಮ್ಮೆ ಒತ್ತಿದಳು. ಹೆಬ್ಬೆರಳು ಬೆಳ್ಳಗಾಗುವ ಹಾಗೆ ಅದುಮಿ ಹಿಡಿದಳು. ಹಸಿರು ದೀಪವಿಲ್ಲ, ಒಳಗಿನ ಫ್ಯಾನಿನ ಗುಂಯ್ ಎನ್ನುವ ಸದ್ದಿಲ್ಲ. ಮೇಜಿನ ಕೆಳಗಿಟ್ಟ ಕೆಂಡದ ಬಟ್ಟಲಿನಿಂದ ಲೋಬಾನದ ಹೊಗೆ ಮಾತ್ರ ಏಳುತ್ತಿತ್ತು.

“ಹುಮೇರಾ, ಇದು ಏಳವಲ್ದು ನೋಡು ಬೇಟಾ” ಎಂದು ಮಗಳನ್ನು ಕೂಗಿದಳು. ಮಾತು ಬಾಯಿಂದ ಬಿದ್ದ ಕೂಡಲೇ ಗುಂಡಿಯಿಂದ ಬೆರಳು ತೆಗೆದಳು. ಮೂರು ತಿಂಗಳ ಹಿಂದೆ ಬಸ್ ಸ್ಟ್ಯಾಂಡಿನಿಂದ ಫೋನು ಮಾಡಿದ್ದ ಕಂಡಕ್ಟರು ಹೇಳಿದ್ದೂ ಇದನ್ನೇ: ನಿಮ್ಮ ಮನಿಯವರು ಏಳವಲ್ರು, ಯಾರನ್ನಾರ ಕಳಸ್ರಿ.

ಬಸವಕಲ್ಯಾಣದ ಕೋಟೆಯ ಬೆನ್ನಿಗೆ ಅಂಟಿಕೊಂಡ ಗಲ್ಲಿಗಳಲ್ಲಿ ಕಾಸಿಂನ ಮನೆ ಎಂದರೆ ಯಾವ ಕಾಸಿಂ ಎಂದು ಕೇಳುವರು. ಕಾರ್ಡು ಕಾಸಿಂ ಎಂದರೆ ಬಾಗಿಲ ತನಕ ಬಂದು ಬಿಟ್ಟುಹೋಗುವರು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಒಂದು ಮೇಜು, ಒಂದು ಕಂಪ್ಯೂಟರು, ಒಂದು ಪ್ರಿಂಟರು, ಸೀಟು ಹರಿದು ಹಗ್ಗ ಬಿಗಿದ ಒಂದು ಕುರ್ಚಿ. ಮದುವೆ, ಮಕ್ಕಳ ಅಕೀಕಾ, ಜವಳ, ಮನೆಯ ವಾಸ್ತು, ಬುದ್ಧ ವಿಹಾರದ ಉದ್ಘಾಟನೆ, ಯಾವುದೇ ಇರಲಿ, ಮಂಠಾಳದ ಕಡೆಯವರೂ ಇಲ್ಲಿಗೇ ಬಂದು ಕಾರ್ಡು ಮಾಡಿಸುತ್ತಿದ್ದರು. ಕನ್ನಡ, ಉರ್ದು, ಮರಾಠಿ ಮೂರನ್ನೂ ಅವನು ಕೀಲಿಗಳ ಕಡೆ ನೋಡದೆ ಹೊಡೆಯುತ್ತಿದ್ದ. ನೋಡಿದರೂ ಏನೂ ಕಾಣುತ್ತಿರಲಿಲ್ಲ ಬಿಡಿ, ಅವನ ಬೆರಳುಗಳೇ ಆ ಕೀಲಿಗಳ ಅಕ್ಷರಗಳನ್ನು ಎಂದೋ ತಿಂದುಹಾಕಿದ್ದವು.

ಅವನಿಗೆ ಒಂದು ಪದ್ಧತಿ ಇತ್ತು. ಮದುವೆಯ ಕಾರ್ಡು ಮಾಡಿಸಲು ಯಾರೇ ಬರಲಿ, ವಿಷಯವೆಲ್ಲ ಬರೆದುಕೊಂಡ ಮೇಲೆ ತಲೆ ತಗ್ಗಿಸಿ ಒಂದು ಮಾತು ಕೇಳುತ್ತಿದ್ದ: “ಹುಡುಗಿ ತಂದಿಯವರು ಅದಾರೇನ್ರಿ?” ಇದ್ದಾರೆ ಎಂದರೆ “ಖುಷಿ ಆಯ್ತು” ಎಂದು ಕೆಲಸಕ್ಕೆ ಕೂರುತ್ತಿದ್ದ. ಇಲ್ಲ ಎಂದರೆ ಹೆಸರಿನ ಮುಂದೆ ಮುಸ್ಲಿಮರಿಗೆ ‘ಮರ್ಹೂಮ್’, ಉಳಿದವರಿಗೆ ‘ದಿವಂಗತ’ ಎಂದು ಹಾಕುತ್ತಿದ್ದ. ಶುಭಕಾರ್ಯದ ಹೊತ್ತಿನಲ್ಲಿ ಇದೇನು ಅಪಶಕುನದ ಮಾತು ಎಂದು ಸಿಡುಕುವವರೂ ಇದ್ದರು. ಆದರೆ ಹೊಸದರಲ್ಲಿ ಒಮ್ಮೆ ಅವನು ಕೇಳದೆ ಛಾಪಾ ಮಾಡಿದ್ದ. ತೀರಿಹೋದ ತಂದೆ ಬದುಕಿರುವ ಹಾಗೆ, ಎಲ್ಲರ ಹಾದಿ ಕಾಯುವವರು ಎಂದು ಅಚ್ಚಾಗಿತ್ತು. ಆ ಹುಡುಗಿ ಕಾರ್ಡು ಎದೆಗವಚಿಕೊಂಡು ಇದೇ ಕೋಣೆಯಲ್ಲಿ ಅತ್ತಿದ್ದನ್ನು ಅಸ್ಗರಿಯೂ ಕಂಡಿದ್ದಳು. ಅಂದಿನಿಂದ ಅವನು ಕೇಳುವುದನ್ನು ಬಿಡಲಿಲ್ಲ.

ಅಸ್ಗರಿ ಹುಮನಾಬಾದಿನ ಹುಡುಗಿ. ಉರ್ದು ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ, ಕನ್ನಡವನ್ನು ಬಸ್ಸಿನ ಬೋರ್ಡು ಓದುವಷ್ಟು ಕಲಿತು ಈ ಮನೆಗೆ ಬಂದಳು. ಬಂದ ಮರುವರ್ಷವೇ ಹುಮನಾಬಾದಿನಿಂದ ಮೊದಲ ಕಂಪ್ಯೂಟರು ಬಂತು. ಟೆಂಪೋದಲ್ಲಿ ಕುಲುಕಾಡಿ ಒಡೆದೀತು ಎಂದು ಕಾಸಿಂ ಅದನ್ನು ಹೆಂಡತಿಯ ಮದುವೆಯ ರಜಾಯಿಯಲ್ಲಿ ಸುತ್ತಿ ತಂದಿದ್ದ. ತವರಿನವರು ಕೊಟ್ಟ ಕೆಂಪು ರಜಾಯಿ, ಅವಳೇ ಇನ್ನೂ ಮನಸಾರೆ ಹೊದ್ದಿರಲಿಲ್ಲ. ಆವತ್ತೇ ಅವಳು ಅದಕ್ಕೆ ಸವತಿ ಎಂದು ಹೆಸರಿಟ್ಟಳು. ಎದುರು ಮನೆಯ ಸರುಬಾಯಿ ಬಂದು “ಎಲ್ಲಿ ಕಾಸಿಂಭಾಯ್?” ಎಂದರೆ “ಸವತಿ ಮಗ್ಗಲಾಗ” ಎನ್ನುವಳು. ಕಂಪ್ಯೂಟರುಗಳು ಬದಲಾದವು, ಹೆಸರು ಬದಲಾಗಲಿಲ್ಲ. ಕಾಸಿಂ ನಗುತ್ತ ತೆರೆಯ ಕಡೆ ತಿರುಗಿಕೊಳ್ಳುತ್ತಿದ್ದ. ಅವಳು ಬೈಯುತ್ತಲೇ ಪಕ್ಕದಲ್ಲಿ ಕೂತು ಕಾರ್ಡು ಮಡಚುವಳು, ಲಕೋಟೆಗೆ ಗೋಂದು ಹಚ್ಚುವಳು, ಜರಿಯ ದಾರ ಕಟ್ಟುವಳು. ಆದರೆ ಯಂತ್ರವನ್ನು ಮುಟ್ಟುತ್ತಿರಲಿಲ್ಲ. ಅದರ ಗುಂಡಿ ಒತ್ತುವುದೊಂದನ್ನು ಕಾಸಿಂ ಅವಳಿಗೆ ಜುಲುಮೆ ಮಾಡಿ ಕಲಿಸಿದ್ದ, ತಾನು ನಮಾಜಿನಿಂದ ಬರುವುದರೊಳಗೆ ಅದು ಎದ್ದು ಕೂತಿರಲಿ ಎಂದು.

ಇನ್ನು ಲೋಬಾನದ ವಿಷಯ. ಅನ್ನ ಕೊಡುವ ಸಾಮಾನಿಗೆ ಗುರುವಾರ ಸಂಜೆ ಲೋಬಾನದ ಹೊಗೆ ತೋರಿಸಬೇಕು ಎನ್ನುವುದು ಅತ್ತೆಯ ಕಾಲದಿಂದ ಬಂದ ರೂಢಿ. ಅತ್ತೆ ಹೊಲಿಗೆ ಯಂತ್ರಕ್ಕೆ ತೋರಿಸುತ್ತಿದ್ದಳು, ಸೊಸೆ ಕಂಪ್ಯೂಟರಿಗೆ ತೋರಿಸಿದಳು. ಸವತಿಯಾದರೂ ಅನ್ನ ಹಾಕುವ ಸವತಿ. ಅವಳು ಕೆಂಡದ ಬಟ್ಟಲು ಹಿಡಿದು ಬರುವುದು ಕಂಡರೆ ಸಾಕು, ಕಾಸಿಂ ಫ್ಯಾನಿನ ಕಿಂಡಿಗೆ ಅಂಗೈ ಅಡ್ಡ ಇಟ್ಟು ಹೇಳುವನು: “ದೂರದಿಂದ ತೋರಸು, ದೂರದಿಂದ. ಅದಕ್ಕ ದಮ್ಮು ಅದ.” ಅವಳು ಮೂತಿ ತಿರುವಿ, ಹೊಸ್ತಿಲಲ್ಲೇ ನಿಂತು ಬಟ್ಟಲನ್ನು ಒಂದು ಸುತ್ತು ತಿರುಗಿಸಿ ಹೋಗಿಬಿಡುವಳು.

ಕಾಸಿಂ ಹೋದ ಬಗೆಯನ್ನೂ ಇಲ್ಲೇ ಹೇಳಿಬಿಡಬೇಕು. ಒಬ್ಬಳೇ ಮಗಳು ಹುಮೇರಾಳಿಗೆ ಹುಮನಾಬಾದಿನ ಸೋಹೇಲನ ಜೊತೆ ಮದುವೆಯ ಮಾತು ಮುಗಿದಿತ್ತು. ಹುಡುಗ ಅಲ್ಲಿನ ಔಷಧಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಮಾತು ಕಡಿಮೆ, ಒಳ್ಳೆಯವನು. ಊರವರ ಮಕ್ಕಳಿಗೆಲ್ಲ ಕಾರ್ಡು ಮಾಡಿದ ಕಾಸಿಂ ತನ್ನ ಮಗಳ ಕಾರ್ಡಿಗೆ ಕೂತಾಗ ಯಾರಿಗೂ ತೆರೆ ತೋರಿಸಲಿಲ್ಲ. ಹೆಂಡತಿ ಬಂದರೆ ಕೈ ಅಡ್ಡ ಹಿಡಿದ, ಮಗಳು ಬಂದರೆ ತೆರೆಯನ್ನೇ ಆರಿಸಿದ. “ಕಾಗದ ಬರ್ಲಿ. ಮೊದಲನೇ ಕಾರ್ಡು ಅಕೀ ಕೈಯಾಗ ಕೊಡ್ತೀನಿ” ಎಂದ. ಆ ಕಾಗದ ತರಲೆಂದೇ ಹುಮನಾಬಾದಿಗೆ ಹೋದ. ಪಿಸ್ತಾ ಬಣ್ಣದ ಖಾಲಿ ಕಾರ್ಡುಗಳ ಕಟ್ಟು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದವನು, ಸಸ್ತಾಪುರ ಬಂಗ್ಲಾದ ಹತ್ತಿರ ಬಸ್ಸು ಊರ ಕಡೆ ಹೊರಳುವಾಗ ಕಿಟಕಿಗೆ ತಲೆ ಆನಿಸಿದ. ಪಕ್ಕದವರು ನಿದ್ದೆ ಎಂದುಕೊಂಡರು. ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು, ಅವನು ಇಳಿಯಲಿಲ್ಲ. ಕಾರ್ಡಿನ ಕಟ್ಟು ತೊಡೆಯಿಂದ ಜಾರಿರಲಿಲ್ಲ ಎಂದು ಕಂಡಕ್ಟರು ಬಂದವರಿಗೆಲ್ಲ ಹೇಳುತ್ತಿದ್ದ.

ಅಸ್ಗರಿ ಇದ್ದತ್ತಿಗೆ ಕೂತಳು. ಗಂಡ ತೀರಿದ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ, ಹೊರಗಿನ ಗಂಡಸರ ಎದುರಿಗೆ ಬರುವಂತಿಲ್ಲ. ಅವಳಿಗೆ ಹೊರಗೆ ಹೋಗುವ ಆಸೆಯೂ ಇರಲಿಲ್ಲ. ಆದರೆ ಮನೆಯ ಸದ್ದು ನಿಂತುಹೋಗಿದ್ದು ಅವಳಿಗೆ ತಡೆಯಲಾಗಲಿಲ್ಲ. ಇಪ್ಪತ್ತು ಚಿಲ್ಲರೆ ವರ್ಷ ಕಿವಿಯ ಬುಡದಲ್ಲಿ ಗುಂಯ್ ಎನ್ನುತ್ತಿದ್ದ ಸವತಿ ಈಗ ಮೂಕಿಯಾಗಿ ಕೂತಿತ್ತು. ಅದಕ್ಕೇ ಪ್ರತಿ ಗುರುವಾರ ಸಂಜೆ ತನಗೆ ಗೊತ್ತಿದ್ದ ಆ ಒಂದೇ ಗುಂಡಿ ಒತ್ತುವಳು. ಅದು ಎದ್ದು ಗುಂಯ್ ಎನ್ನಲು ಶುರು ಮಾಡುವುದು. ಅವಳು ಕೆಂಡದ ಬಟ್ಟಲನ್ನು ಮೇಜಿನ ಕೆಳಗೆ, ಯಂತ್ರದ ಬಗಲಿಗೇ ಇಟ್ಟು, ಬಾಗಿಲು ಮುಚ್ಚಿ, ಖಾಲಿ ಕುರ್ಚಿಯ ಎದುರು ನೆಲದ ಮೇಲೆ ಕೂತು ಕುರಾನಿನ ಯಾಸೀನ್ ಓದುವಳು. ಅಂಗೈ ಅಡ್ಡ ಇಡುವವರು ಯಾರೂ ಇರಲಿಲ್ಲ. ಫ್ಯಾನಿನ ಕಿಂಡಿ ಹೊಗೆಯನ್ನು ಒಳಗೆ ಎಳೆದುಕೊಳ್ಳುವುದು ಅವಳಿಗೆ ಕಾಣುತ್ತಿತ್ತು. ಯಾರೋ ಉಸಿರಾಡುತ್ತಿದ್ದಾರೆ ಅನ್ನಿಸಿ ಅವಳಿಗೆ ಸಮಾಧಾನವಾಗುತ್ತಿತ್ತು.

ಆ ಕುರ್ಚಿಯ ಮೇಲೆ ಇದ್ದತ್ ಮುಗಿಯುವ ತನಕ ಯಾರೂ ಕೂರಬಾರದು ಎಂದೂ ಅವಳದೇ ಹುಕುಂ. ಮಗಳ ಕಾರ್ಡು ಅದರೊಳಗೇ ಇದೆ, ಎಲ್ಲಿ ಓಡಿಹೋಗುತ್ತದೆ, ವೇಳೆ ಬಂದಾಗ ತೆಗೆದರಾಯಿತು ಎಂದು ತಾಯಿ ಮಗಳು ಇಬ್ಬರೂ ಅಂದುಕೊಂಡಿದ್ದರು. ಅಷ್ಟರಲ್ಲಿ ಸೋಹೇಲನ ಅಜ್ಜಿ ಹಾಸಿಗೆ ಹಿಡಿದಳು. ಮೊಮ್ಮಗನ ನಿಕಾಹ್ ಕಣ್ಣಿಂದ ನೋಡಿ ಹೋಗಬೇಕು ಎಂದು ಅವಳ ಹಂಬಲ. ಇದ್ದತ್ ಮುಗಿದ ವಾರದಲ್ಲೇ ಮದುವೆ ಎಂದಾಯಿತು. ಇನ್ನು ಕಾರ್ಡಿಗೆ ಅವಸರ ಬಿತ್ತು. ಕಾರ್ಡು ತೆಗೆಯುವುದು ನಾಳೆಯಿಂದ ಎಂದು ಮಾತಾದ ಸಂಜೆಯೇ, ಸವತಿ ಮುನಿದು ಮುಖ ಕಪ್ಪು ಮಾಡಿ ಕೂತುಬಿಟ್ಟಿತು.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಕಡೆಯಿಂದ ಒಬ್ಬ ರಿಪೇರಿಯವನು ಬಂದ. ಅಸ್ಗರಿ ಒಳಕೋಣೆಯ ಬಾಗಿಲ ಹಿಂದೆ ನಿಂತಳು, ಹುಮೇರಾ ಎದುರಿಗಿದ್ದಳು. ಅವನು ಯಂತ್ರವನ್ನು ಬಿಚ್ಚಲೂ ಇಲ್ಲ, ಮೇಲಿಂದ ತಟ್ಟಿ ನೋಡಿದ. “ಹಳೇ ಮಾಲು. ಒಳಗಿಂದೆಲ್ಲಾ ಅಳಿಸಿ ಹೊಸದಾಗಿ ತುಂಬಬೇಕಾಗ್ತದ” ಎಂದ. ಒಲೆಯೇ ಹೊತ್ತಿಲ್ಲ, ಇವನು ಸಾರಿಗೆ ಉಪ್ಪು ಕಡಿಮೆ ಎಂದ ಹಾಗಾಯಿತು. ಆದರೆ ಅಳಿಸುವುದು ಎಂಬ ಮಾತು ಅಸ್ಗರಿಯ ಕಿವಿಗೆ ಬಿತ್ತಲ್ಲ, ಬಾಗಿಲ ಹಿಂದಿನಿಂದಲೇ ಅಬ್ಬರಿಸಿದಳು: “ಅಳಸೋ ಮಾತಾಡೋರು ನನ್ನ ಮನ್ಯಾಗ ಬ್ಯಾಡ. ಹೋಗ್ರಿ.” ಅವನು ಗೊಣಗುತ್ತ ಚಪ್ಪಲಿ ಮೆಟ್ಟಿದ.

ಸುದ್ದಿ ಕೇಳಿ ಸೋಹೇಲನ ತಂದೆ ಫೋನು ಮಾಡಿದರು. ಅವರದೇನೂ ತಪ್ಪಿಲ್ಲ, ಒಳ್ಳೆಯ ಮಾತೇ ಆಡಿದರು. “ನಿಮಗ ಯಾಕ ತ್ರಾಸು ಬೇಟಾ? ಹೆಸರಷ್ಟು ಮೊಬೈಲಿಗೆ ಕಳಸು. ನಮ್ಮದರ ಜೊತಿಗಿ ನಿಮ್ಮದೂ ಇಲ್ಲೇ ಛಾಪಾ ಮಾಡಸ್ತೀವಿ. ಐತವಾರದ ತನಕ ನೋಡ್ತೀವಿ.” ಹುಮೇರಾ “ಹೌದ್ರಿ ಮಾಮಾ” ಎಂದು ಫೋನು ಇಟ್ಟಳು. ಆಮೇಲೆ ಕಪಾಟು ತೆಗೆದು ಪಿಸ್ತಾ ಬಣ್ಣದ ಕಟ್ಟು ಹೊರಗಿಟ್ಟುಕೊಂಡು, ಒಂದು ಖಾಲಿ ಕಾರ್ಡಿನ ಮೇಲೆ ಸುಮ್ಮನೆ ಬೆರಳಾಡಿಸುತ್ತ ಕೂತಳು. ಅವಳು ಅತ್ತಿದ್ದರೆ ಅಸ್ಗರಿ ತಡೆದುಕೊಳ್ಳುತ್ತಿದ್ದಳೋ ಏನೋ. ಅವಳು ಅಳಲಿಲ್ಲ.

“ಅಬ್ಬಾ ಮಾಡಿದ್ದು ಹ್ಯಾಂಗ ಇತ್ತೋ ಏನೋ ಅಮ್ಮೀ” ಎಂದಳು ಅಷ್ಟೇ.

ಅಸ್ಗರಿ ಅಕ್ರಮನಿಗೆ ಫೋನು ಹಚ್ಚಲು ಹೇಳಿದಳು. ಅಕ್ರಮ್ ಕಾಸಿಂನ ಮೇಜಿನ ಬದಿಗೆ ಕೂತು ಟೈಪಿಂಗ್ ಕಲಿತವನು. ಈಗ ಹುಮನಾಬಾದಿನಲ್ಲಿ ಅವನದೇ ರಿಪೇರಿ ಅಂಗಡಿ ಇದೆ, ಗಡ್ಡಕ್ಕೂ ಬಿಳುಪು ಬಂದಿದೆ. ಅವತ್ತೇ ಶುಕ್ರವಾರದ ನಮಾಜು ಮುಗಿಸಿ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿ ಬಂದ. ಉಸ್ತಾದರ ಮನೆಯ ಕಟ್ಟೆಯ ಮೇಲೆ ಕೂತು, ಮಳೆ ನಿಂತು ಬಿಸಿಲು ಬಿದ್ದ ಗೋಡೆಗೆ ಬೆನ್ನು ಆನಿಸಿದ.

“ಚಾಚಿ, ಡಬ್ಬಿ ಹೊರಗ ಕೊಡ್ರಿ. ಇಲ್ಲೇ ಕಟ್ಟಿ ಮ್ಯಾಲ ಬಿಚ್ಚಿ ನೋಡ್ತೀನಿ” ಎಂದ.

“ಅದು ಮನಿ ಬಿಟ್ಟು ಹೊರಗ ಬರಂಗಿಲ್ಲ.”

“ಹಂಗಾದ್ರ ನೀವು ಒಳಕೋಣ್ಯಾಗ ಇರ್ರಿ, ನಾ ಒಳಗ ಬರ್ತೀನಿ.”

“ಅದು ನನ್ನ ಕಣ್ಣ ಮುಂದಿಂದ ಸರಿಯಂಗಿಲ್ಲ. ಅವ ಒಬ್ಬ ಅಳಸ್ತೀನಂದು ಹೋಗ್ಯಾನ.”

ಹಠ ಎಂದರೆ ಅಸ್ಗರಿಯ ಹಠ. ಹೊರಗಿನ ಗಂಡಸು ಒಳಗೆ ಬಂದರೆ ಅವಳು ಇರುವಂತಿಲ್ಲ, ಅವಳಿಲ್ಲದೆ ಯಂತ್ರ ಬಿಚ್ಚುವಂತಿಲ್ಲ. ಹುಮೇರಾ ತಲೆಯ ಮೇಲೆ ಕೈ ಹೊತ್ತು ಕೂತಳು. ಗದ್ದಲ ಕೇಳಿ ಎದುರು ಮನೆಯಿಂದ ಬಂದ ಸರುಬಾಯಿಯೇ ಹಾದಿ ಹುಡುಕಿದಳು. ಹೂವಿನ ಅಚ್ಚಿನ ಚಾದರವೊಂದನ್ನು ತಂದು ಬಾಗಿಲಿಗೆ ಅಡ್ಡ ಕಟ್ಟಿದಳು. “ಅಂವ ಆಕಡಿ ಕೂತು ಹೇಳಲಿ, ನೀ ಈಕಡಿ ಕೂತು ಮಾಡು. ಮಂತ್ರ ಹೇಳಾಂವ ಒಬ್ಬ, ಅಕ್ಕಿಕಾಳು ಹಾಕಾಂವ ಒಬ್ಬ ಇರಂಗಿಲ್ಲೇನು?” ಎಂದಳು. ಹುಮೇರಾ ತಾನು ಮಾಡುವೆನೆಂದು ಮುಂದೆ ಬಂದಳು. ಅಸ್ಗರಿ ಅವಳನ್ನು ಪಕ್ಕಕ್ಕೆ ಸರಿಸಿ, “ಇಷ್ಟು ವರ್ಷ ಬೈದಾಕಿ ನಾನು. ನಾನ ಮುಟ್ತೀನಿ” ಎಂದು ಯಂತ್ರದ ಮುಂದೆ ನೆಲದ ಮೇಲೆ ಕೂತಳು.

“ಮೊದಲ ಗ್ವಾಡಿಗಿನ ಪ್ಲಗ್ಗಿನ್ಯಾಗ ಕರೆಂಟ್ ಅದ ಏನು ನೋಡ್ರಿ ಚಾಚಿ. ಮೊಬೈಲ್ ಚಾರ್ಜರ್ ಹಾಕ್ರಿ” ಎಂದಿತು ಚಾದರದ ಆಚೆಯ ದನಿ.

ಹಾಕಿದಳು. ಮೊಬೈಲು ಚಾರ್ಜಾಗಲು ಹತ್ತಿತು.

“ಅಂದ್ರ ಗ್ವಾಡಿ ಛಲೋ ಅದ. ಈಗ ಕೆಳಗ ಒಂದು ಕರೀ ಡಬ್ಬಿ ಅದ ಅಲ್ಲ, ಯುಪಿಎಸ್ಸು, ಕಂಪ್ಯೂಟರಿನ ವಾಯರ್ ಅದರೊಳಗ ಹೋಗ್ಯದ. ಅದನ್ನ ಕಿತ್ತು ನೇರ ಗ್ವಾಡಿಗಿ ಹಚ್ಚರಿ.”

ಹಚ್ಚಿ ಗುಂಡಿ ಒತ್ತಿದಳು. ಹಸಿರು ದೀಪ ಹೊತ್ತಿತು. ಒಳಗಿನ ಫ್ಯಾನು ಕೆಮ್ಮಿದ ಹಾಗೆ ಸದ್ದು ಮಾಡಿ ತಿರುಗಲು ನೋಡಿತು, ಸೋತಿತು. ಆಮೇಲೆ ಪೀಂ, ಪೀಂ ಎಂದು ಉದ್ದಕ್ಕೆ ಅಳಲು ಹತ್ತಿತು. ತೆರೆ ಕಪ್ಪಗೇ ಇತ್ತು.

“ಜೀವ ಅದ ಚಾಚಿ, ಅಂಜಬ್ಯಾಡ್ರಿ” ಎಂದ ಅಕ್ರಮ್. ಅವನ ದನಿ ಮೊದಲಿಗಿಂತ ಹಗುರಾಗಿತ್ತು. “ಬ್ಯಾಟರಿ ಡಬ್ಬಿ ಮುಗದಿತ್ತು, ಅದಕ್ಕ ದೀಪ ಹತ್ತಿರಲಿಲ್ಲ. ಈಗ ಮೆಮೊರಿ ಪಟ್ಟಿ ಮಾತಾಡವಲ್ದು, ಅದಕ್ಕ ಹಂಗ ಒದರಾಕತ್ತದ. ಬಿಚ್ಚಬೇಕು. ವಾಯರ್ ಕೀಳ್ರಿ, ಕಿತ್ತಮ್ಯಾಗ ಗುಂಡಿ ಒಮ್ಮೆ ಒತ್ತಿ ಬಿಡ್ರಿ, ಒಳಗ ಉಳಿದಿದ್ದು ಹೋಗ್ತದ. ಹಿಂದ ಎರಡು ಸ್ಕ್ರೂ ಅವ.”

ಸ್ಕ್ರೂಗಳನ್ನು ಸರುಬಾಯಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು, ಕಳೆದುಹೋಗಬಾರದು ಎಂದು. ಹುಮೇರಾ ಮೊಬೈಲಿನ ಬೆಳಕು ಹಿಡಿದಳು. ಬಗಲಿನ ತಗಡು ಸರಿದು ಬಂದಾಗ ಮೂವರೂ ಬಗ್ಗಿ ನೋಡಿದರು.

“ಏನು ಕಾಣಸ್ತದ ಚಾಚಿ?”

ಅಸ್ಗರಿ ಒಳಗೆ ಬೆರಳಾಡಿಸಿದಳು. “ಮಸಿ. ಎಲ್ಲಾ ಕಡಿ ಕರೀ ಮಸಿ. ಮುಟ್ಟಿದ್ರ ಅಂಟ್ತದ.”

“ಮಸಿ? ಧೂಳಲ್ಲ?” ಅಕ್ರಮನಿಗೆ ಆಶ್ಚರ್ಯ. “ಉಸ್ತಾದ್ ಎರಡು ತಿಂಗಳಿಗೊಮ್ಮೆ ಬಿಚ್ಚಿ ಬ್ರಶ್ ಹೊಡೀತಿದ್ರು. ಹೊಲಸು ಇಡ್ತಿರಲಿಲ್ಲ. ಚಾಚಿ, ಇದರ ಹತ್ರ ಒಲಿ ಗಿಲಿ ಏನಾರ ಹಚ್ಚಿದ್ರೇನು?”

ಅಸ್ಗರಿ ಮಸಿ ಹತ್ತಿದ ಬೆರಳನ್ನು ಮೂಗಿನ ಹತ್ತಿರ ತಂದಳು. ಲೋಬಾನದ ವಾಸನೆ. ಗುರುವಾರ ಗುರುವಾರ ತಾನು ಯಾಸೀನ್ ಓದುತ್ತ ಕೂತಿದ್ದಾಗ, ಯಾರೋ ಉಸಿರಾಡುತ್ತಿದ್ದಾರೆ ಎಂದು ಸಮಾಧಾನಪಟ್ಟಿದ್ದಾಗ, ಈ ಹೊಗೆ ಹೋಗಿ ಕೂತಿದ್ದು ಇಲ್ಲಿ. ಕಾಸಿಂ ಕಿಂಡಿಗೆ ಅಡ್ಡ ಇಡುತ್ತಿದ್ದ ಆ ಅಂಗೈ ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಅದಕ್ಕ ದಮ್ಮು ಅದ ಎಂದು ಅವನು ಹೇಳಿದ್ದನ್ನು ಅವಳು ಯಾವತ್ತೂ ಚೇಷ್ಟೆ ಎಂದೇ ತಿಳಿದಿದ್ದಳು. ಅವನು ಬಿಟ್ಟುಹೋಗಿದ್ದ ಒಂದೇ ಒಂದರ ಉಸಿರನ್ನು ತಾನೇ ಕಟ್ಟಿಸಿದ್ದಳು.

“ಲೋಬಾನ ಹಾಕ್ತಿದ್ದೆ ಬೇಟಾ” ಎಂದಳು. “ಮೇಜಿನ ಬುಡಕ.”

ಗಲ್ಲಿಯಲ್ಲಿ ಯಾರದೋ ಮೋಟಾರ್ ಸೈಕಲ್ಲು ಹಾದುಹೋಯಿತು. ಆಮೇಲೆ ಚಾದರದ ಆಚೆಯಿಂದ ಅಕ್ರಮ್ ಅಂದ: “ಲೋಬಾನದಿಂದ ಏನಾಗ್ತದ ಚಾಚಿ? ಧೂಳ ಅದು. ಮಳಿಗಾಲದ ತಂಪಿಗೆ ಧೂಳ ಹಂಗ ಕರಿ ಆಗಿ ಅಂಟ್ತದ. ನಮ್ಮ ಅಂಗಡಿಗಿ ಬರೋವು ಎಲ್ಲಾ ಹಿಂಗ ಇರ್ತಾವ.”

ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಅವಳಿಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಗಿರಬೇಕು, ಮುಂದಿನ ಮಾತನ್ನು ಅವಸರವಾಗಿ ಆಡಿದ: “ಬ್ರಶ್ ಅಲ್ಲೇ ಡ್ರಾದಾಗ ಇರ್ತದ ನೋಡ್ರಿ.” ಡ್ರಾದಲ್ಲಿ ಇದ್ದದ್ದು ಕಾಸಿಂ ಗಲ್ಲಕ್ಕೆ ಸಾಬೂನು ಹಚ್ಚಿಕೊಳ್ಳುತ್ತಿದ್ದ ಹಳೆಯ ಬ್ರಶ್ಶು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತುಬಿಟ್ಟಳು. ಸರುಬಾಯಿ ಅವಳ ಬೆನ್ನ ಮೇಲೆ ಕೈಯಿಟ್ಟು “ನಿನಗೇನು ಗೊತ್ತಿತ್ತವಾ? ಒಳ್ಳೇದಾಗ್ಲಿ ಅಂತ ಮಾಡಿದಿ” ಎಂದಳು. ಅಸ್ಗರಿ ಕಣ್ಣೊರೆಸಿಕೊಳ್ಳಲಿಲ್ಲ, ಕೈ ಮಸಿಯಾಗಿತ್ತು. ಹಾಗೆಯೇ ಫ್ಯಾನಿನ ಒಂದೊಂದು ರೆಕ್ಕೆಯನ್ನೂ ಬ್ರಶ್ಶಿನಿಂದ ತಿಕ್ಕಿದಳು, ಮಗುವಿನ ಕಿವಿ ತೊಳೆದಂತೆ ಮೂಲೆ ಮೂಲೆ ಬಿಡದೆ.

“ಈಗ ಒಂದು ಹಸಿರು ಪಟ್ಟಿ, ಬೆರಳುದ್ದ, ನೆಟ್ಟಗ ನಿಂತದ ನೋಡ್ರಿ. ಎರಡೂ ತುದಿಗಿ ಬಿಳೀ ಕೊಂಡಿ. ಕೊಂಡಿ ಒತ್ತಿದ್ರ ಮ್ಯಾಲ ಏಳ್ತದ. ಅದರ ಕೆಳಗ ಬಂಗಾರದ ಹಲ್ಲು ಇರ್ತಾವ. ಅವನ್ನ ರಬ್ಬರ್ ತಗೊಂಡು ತಿಕ್ಕರಿ, ಪೆನ್ಸಿಲ್ ಅಳಸೋ ರಬ್ಬರ್.”

“ಮತ್ತ ಅಳಸೋ ಮಾತು” ಎಂದಳು ಅಸ್ಗರಿ. ಅಕ್ರಮನಿಗೆ ನಗು ಬಂತು, ಹುಮೇರಾಳಿಗೂ ಬಂತು. ಆ ಮನೆಯಲ್ಲಿ ನಗು ಕೇಳಿ ಎಷ್ಟೋ ದಿನವಾಗಿತ್ತು. ಹುಮೇರಾಳ ಹಳೆಯ ಶಾಲೆಯ ಚೀಲದಿಂದ ರಬ್ಬರು ಬಂತು. ಅಸ್ಗರಿ ತಿಕ್ಕಿದಳು. ಕಪ್ಪು ಹೋಗಿ ಹಲ್ಲುಗಳು ಮಿಂಚಿದವು. ಪಟ್ಟಿಯನ್ನು ಅದರ ಸಂದಿನಲ್ಲಿ ಇಟ್ಟು ಒತ್ತಿದಳು, ಟಕ್ ಎಂದಿತು. ಸರುಬಾಯಿ ಸೆರಗಿನ ಗಂಟು ಬಿಚ್ಚಲು ಹೋದಳು. “ಸ್ಕ್ರೂ ತಡೀರಿ, ಮೊದಲ ವಾಯರ್ ಹಚ್ಚಿ ನೋಡೋಣು” ಎಂದ ಅಕ್ರಮ್. “ಬಿಸ್ಮಿಲ್ಲಾ ಅಂದು ಒತ್ತರಿ ಚಾಚಿ.”

ಒತ್ತಿದಳು. ಫ್ಯಾನು ತಿರುಗಿತು. ಒಂದೇ ಒಂದು ಸಣ್ಣ ಪೀಂ. ಆಮೇಲೆ ಆ ಗುಂಯ್ ಎನ್ನುವ ಸದ್ದು ಕೋಣೆಯನ್ನು ತುಂಬಿತು, ಕಾಸಿಂ ಇದ್ದಾಗ ತುಂಬುತ್ತಿದ್ದ ಹಾಗೆಯೇ. ಅಸ್ಗರಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಹುಮೇರಾ ತಾಯಿಯ ಹೆಗಲಿಗೆ ಮುಖ ಒತ್ತಿದಳು. ಆಚೆ ಕಟ್ಟೆಯ ಮೇಲೆ ಅಕ್ರಮ್ ಮತ್ತೆ ಮತ್ತೆ ಕೇಳುತ್ತಿದ್ದ, ಏನು ಬಂತು, ಏನು ಬಂತು ಎಂದು.

ತೆರೆಯ ಮೇಲೆ ಬಿಳಿ ಅಕ್ಷರ ಬಂದು ನಿಂತಿದ್ದವು. ಹುಮೇರಾ ಓದಿ ಹೇಳಿದಳು. “ತಾರೀಖು ಕೇಳಾಕತ್ತದ ಭಾಯಿಜಾನ್. ಎಂದಿಂದೋ ಹಳೇ ವರ್ಷ ತೋರಸಾಕತ್ತದ.”

“ಒಳಗ ಒಂದು ಸಣ್ಣ ಸೆಲ್ ಇರ್ತದ. ಅದು ಸತ್ತ…” ಎಂದವನು ಮಾತು ನುಂಗಿಕೊಂಡ. “ಅದು ಮುಗದದ. ತಾರೀಖು ಮರತದ ಅಷ್ಟ. ಇವತ್ತಿಂದು ಹಾಕ್ರಿ.”

ಅಸ್ಗರಿ ಆ ಹಳೆಯ ವರ್ಷವನ್ನು ನೋಡಿದಳು. ಹುಮೇರಾ ಕನ್ನಡ ಶಾಲೆಗೆ ಹೊಸದಾಗಿ ಹೋಗುತ್ತಿದ್ದ ವರ್ಷ. ಅತ್ತೆ ಇನ್ನೂ ಇದ್ದಳು. ಕಾಸಿಂನ ಮೀಸೆ ಕಪ್ಪಗಿತ್ತು. “ಇದರ ಲೆಕ್ಕದಾಗ ಅವರಿನ್ನಾ ಅದಾರ” ಎಂದಳು ತನ್ನಷ್ಟಕ್ಕೆ. ಒಂದು ಕೀಲಿ ಒತ್ತಿದರೆ ಒಂದು ವರ್ಷ ಮುಂದೆ ಹೋಗುತ್ತದೆ ಎಂದು ಅಕ್ರಮ್ ಹೇಳಿದ. ಅವಳು ಒತ್ತುತ್ತ ಹೋದಳು. ಈ ವರ್ಷ ಬಂದಾಗ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು. ಉಳಿದದ್ದನ್ನು ಹುಮೇರಾ ತುಂಬಿದಳು.

ಇನ್ನು ಕುರ್ಚಿ. ಹುಮೇರಾ ನಿಂತೇ ಇದ್ದಳು, ಆ ಕುರ್ಚಿಯ ಮೇಲೆ ಕೂರಲು ಅವಳಿಗೆ ಧೈರ್ಯವಿರಲಿಲ್ಲ. ಹುಕುಂ ಹೊರಡಿಸಿದವಳೇ ಹುಕುಂ ಮುರಿದಳು. ಅಸ್ಗರಿ ಎದ್ದು ಹಗ್ಗ ಬಿಗಿದ ಆ ಕುರ್ಚಿಯ ಮೇಲೆ ಕೂತಳು. ಅಕ್ರಮ್ ಎಲ್ಲಿ ಹುಡುಕಬೇಕು ಎಂದು ಹೇಳಿದ, ಹುಮೇರಾ ಮೌಸು ಹಿಡಿದು ಹುಡುಕಿದಳು. ‘ಹುಮೇರಾ’ ಎಂದೇ ಹೆಸರಿಟ್ಟ ಒಂದು ಫೈಲು. ಒತ್ತಿದಳು.

ತೆರೆಯ ಮೇಲೆ ಕಾರ್ಡು ನಿಧಾನವಾಗಿ ಬಿಚ್ಚಿಕೊಂಡಿತು. ಮೇಲೆ ಬಿಸ್ಮಿಲ್ಲಾ. ಸುತ್ತ ಕೋಟೆಯ ಬಾಗಿಲಿನ ಕಮಾನಿನಂಥ ಅಂಚು. ಒಳಗೆ ಒಂದು ಕಡೆ ಉರ್ದು, ಒಂದು ಕಡೆ ಕನ್ನಡ, ಸರುಬಾಯಿಯಂಥವರಿಗೆ ಓದಲು. ಅಂಚಿನ ನಾಲ್ಕು ಮೂಲೆಗೂ ಸಣ್ಣ ಕೆಂಪು ಹೂವು. ಅಸ್ಗರಿ ಹೂವನ್ನು ದಿಟ್ಟಿಸಿ ನೋಡಿದಳು. ಅದು ಅವಳ ಮದುವೆಯ ರಜಾಯಿಯ ಮೇಲಿನ ಹೂವು. ಮಗಳಿಗೆ ಅದು ಗೊತ್ತಾಗಲಿಲ್ಲ, ತಾಯಿ ಹೇಳಲೂ ಇಲ್ಲ.

“ಛಂದ ಅದ ಏನು ಚಾಚಿ?” ಎಂದ ಅಕ್ರಮ್.

“ಅದ” ಎಂದಳು.

ಹುಮೇರಾ ಕನ್ನಡದ ಕಡೆ ಕೆಳಗಿನ ಸಾಲನ್ನು ಜೋರಾಗಿ ಓದಿದಳು, ಆಚೆ ಕೂತವನಿಗೂ ಕೇಳಲಿ ಎಂದು. “ನಿಮ್ಮ ಹಾದಿ ಕಾಯುವವರು: ಮಹ್ಮದ್ ಕಾಸಿಂ, ಹುಡುಗಿಯ ತಂದೆ.” ಓದಿ ಮುಗಿಸಿದವಳು ತಾಯಿಯ ಮುಖ ನೋಡಿದಳು. ಸರುಬಾಯಿ ಮೆಲ್ಲಗೆ “ಇದ್ದಂಗ ಇರಲಿ ಬಿಡವಾ” ಎಂದಳು.

ಚಾದರದ ಆಚೆ ಅಕ್ರಮ್ ಎದ್ದು ನಿಂತ ಸದ್ದಾಯಿತು. “ಚಾಚಿ” ಎಂದ. “ಛಾಪಾಕ ಹೋಗೋಕಿಂತ ಮೊದಲ…” ಎಂದ. ಈ ಮೇಜಿನ ಬದಿಯಲ್ಲಿ ಕಲಿತವನು ಅವನು. ಕೇಳದೆ ಇರುವುದೂ ಆಗದು, ಕೇಳುವುದೂ ಆಗದು.

ಅಸ್ಗರಿಗೆ ಅವನ ಕಷ್ಟ ಅರ್ಥವಾಯಿತು. “ಕೇಳು ಬೇಟಾ” ಎಂದಳು. “ಅವರು ಕಲಿಸ್ಯಾರಲ್ಲ, ಅದನ್ನ ಕೇಳು.”

ಅಕ್ರಮ್ ಕೇಳಿದ. ಉಸ್ತಾದರ ಹಾಗೆಯೇ ಕೇಳಿದ, ಬಹುಶಃ ಅವರ ಹಾಗೆಯೇ ತಲೆ ತಗ್ಗಿಸಿಕೊಂಡು. “ಹುಡುಗಿ ತಂದಿಯವರು ಅದಾರೇನ್ರಿ?”

ಇಷ್ಟು ದಿನ ಮನೆಗೆ ಬಂದವರೆಲ್ಲ ವಿಷಯ ಗೊತ್ತಿದ್ದೇ ಬಂದಿದ್ದರು. ಅತ್ತರು, ಸಮಾಧಾನ ಹೇಳಿದರು, ಚಹಾ ಕುಡಿದು ಹೋದರು. ಯಾರೂ ಅವಳನ್ನು ಇದನ್ನು ಕೇಳಿರಲಿಲ್ಲ, ಅವಳೂ ತನ್ನ ಬಾಯಿಂದ ಇದನ್ನು ಯಾರಿಗೂ ಹೇಳಿರಲಿಲ್ಲ.

“ಇಲ್ಲ” ಎಂದಳು ಅಸ್ಗರಿ.

‘ಮರ್ಹೂಮ್’ ಸೇರಿಸಲು ಹುಮೇರಾ ಮೌಸಿನಿಂದ ತಂದೆಯ ಹೆಸರಿನ ಮುಂದೆ ಗೆರೆ ತಂದು ನಿಲ್ಲಿಸಿದಳು. ಗೆರೆ ಮಿಣುಕುತ್ತಿತ್ತು. ಅಸ್ಗರಿ ಕೀಲಿಗಳನ್ನು ನೋಡಿದಳು. ಒಂದರ ಮೇಲೂ ಅಕ್ಷರವಿಲ್ಲ, ಎಲ್ಲ ನುಣ್ಣಗೆ ಸವೆದಿದ್ದವು. “ಯಾವುದು ಎಲ್ಲಿ ಅದ ಹೇಳು ಬೇಟಾ.”

“ಮ, ಕೆಳಗಿನ ಸಾಲು, ಬಲಗೈ ತೋರುಬೆರಳು” ಎಂದ ಅಕ್ರಮ್. “ರ, ಮ್ಯಾಲಿನ ಸಾಲು, ಎಡಗೈ ತೋರುಬೆರಳು. ಹ, ನಡುವಿನ ಸಾಲು, ಬಲಗೈ.”

ಅವಳು ಅವನು ಹೇಳಿದಲ್ಲಿ ಬೆರಳಿಟ್ಟು ಒಂದೊಂದಾಗಿ ಒತ್ತಿದಳು. ಕಾಸಿಂನ ಬೆರಳು ಸವೆಸಿದ ಸಣ್ಣ ತಗ್ಗುಗಳಲ್ಲಿ ಅವಳ ಬೆರಳು ಕೂರುತ್ತಿತ್ತು. ಒಂದು ಅಕ್ಷರ ಬಿದ್ದಾಗ ಸಾಲಿನಲ್ಲಿದ್ದ ಅವನ ಹೆಸರು ಒಂದಿಷ್ಟು ಆಚೆ ಸರಿಯಿತು. ಇನ್ನೊಂದು ಬಿದ್ದಾಗ ಇನ್ನೊಂದಿಷ್ಟು. ಬಸ್ಸಿನಲ್ಲಿ ಯಾರಾದರೂ ಬಂದು ನಿಂತರೆ ಅವನು ಏನೂ ಕೇಳದೆ ಕಿಟಕಿಯ ಕಡೆ ಸರಿದು ಜಾಗ ಮಾಡಿಕೊಡುತ್ತಿದ್ದನಲ್ಲ, ಹಾಗೆಯೇ ಅವನ ಹೆಸರೂ ಸರಿದು, ಆ ಪದಕ್ಕೆ ಪೂರ್ತಿ ಜಾಗ ಬಿಟ್ಟುಕೊಟ್ಟಿತು.